ನಾಲ್ಕನೆಯ ಎಳೆ

ಟಿಣ್. ಮೂರು ನಿಮಿಷ ಬಿಟ್ಟು ಮತ್ತೆ ಟಿಣ್. ರಾತ್ರಿ ಎರಡರ ಹೊತ್ತಿಗೆ ಆಕ್ಲೆಂಡಿನ ಆ ಪ್ರಯೋಗಾಲಯದಲ್ಲಿ ಬೇರೆ ಸದ್ದಿರಲಿಲ್ಲ. ನೈರಿ ನಾಲ್ಕನೆಯ ಗಾಜಿನ ನಳಿಕೆಯಿಂದ ಕಣ್ಣು ತೆಗೆದಿರಲಿಲ್ಲ. ಬೆಚ್ಚನೆಯ ಉಪ್ಪುನೀರಿನಲ್ಲಿ ಇಳಿಬಿಟ್ಟಿದ್ದ ಗರ್ಭಕೋಶದ ಸ್ನಾಯುವಿನ ಎಳೆ ಬಿಗಿದುಕೊಂಡಾಗಲೆಲ್ಲ ಅದರ ಕೊಕ್ಕೆ ಗಾಜಿಗೆ ತಗುಲುತ್ತಿತ್ತು.

ಉಳಿದ ಮೂರು ಎಳೆಗಳು ಸುಮ್ಮನಾಗಿದ್ದವು. ಹೆರಿಗೆಯ ಹೊತ್ತಿಗೆ ಜೀವಕೋಶಗಳಿಗೆ ‘ತಳ್ಳು’ ಎಂಬ ಸುದ್ದಿ ಮುಟ್ಟಿಸುವ ಪ್ರೋಟೀನೊಂದಿದೆ; ಅದರ ಬಾಯಿ ಕಟ್ಟುವ ಔಷಧಿಯನ್ನು ಅವಕ್ಕೆ ಹಾಕಿದ್ದಳು. ನಾಲ್ಕನೆಯದಕ್ಕೆ ಏನೂ ಹಾಕುವಂತಿಲ್ಲ. ಅದು ಬೆಳಗಿನ ಆರು ಗಂಟೆಯವರೆಗೆ ಮಿಡಿದರಷ್ಟೇ ಉಳಿದವು ನಿಂತದ್ದು ಔಷಧಿಯಿಂದ ಎನ್ನಬಹುದು. ಎಂಟು ತಿಂಗಳಲ್ಲಿ ಪ್ರಯೋಗ ಇಷ್ಟು ದೂರ ಬಂದದ್ದು ಇದೇ ಮೊದಲು.

ಬಾಗಿಲು ತಟ್ಟಿದವಳು ಹುಹಾನಾ, ಮಧ್ಯಾಹ್ನ ಸಿಸೇರಿಯನ್ ಆದಾಗ ಈ ಎಳೆಗಳನ್ನು ಪ್ರಯೋಗಕ್ಕೆ ಕೊಟ್ಟ ಬಾಣಂತಿಯ ದೊಡ್ಡಮ್ಮ. ಕಂಕುಳಲ್ಲಿ ಮಾಸು ಇಟ್ಟ ಮಣ್ಣಿನ ಗಡಿಗೆಯಿತ್ತು.

“ನಮ್ದು ನಮಗೇ ವಾಪಸ್ ಅಂತ ಬರ್ದು ಕೊಟ್ಟಿದ್ದೀರಲ್ಲ, ಕೊಡಮ್ಮ. ಊರಿಗೆ ಹೋಗಿ ಮಾಸು, ಈ ಎಳೆ ಎರಡನ್ನೂ ಒಟ್ಟಿಗೆ ಮಣ್ಣಿಗಿಡ್ಬೇಕು.”

“ಮಗು ಹೇಗಿದೆ, ದೊಡ್ಡಮ್ಮ?”

“ಏಳು ತಿಂಗಳಿಗೇ ಬಂತು. ಒಂದು ಗೆಣಸಿನಷ್ಟಿದೆ, ಕೋಪ ಮಾತ್ರ ಅದರಜ್ಜಂದು. ಬಾಣಂತೀನೇ ಕಣ್ಣು ಮುಚ್ತಿಲ್ಲ. ನನ್ ಮೈಯೇ ನನ್ ಮಗೂನ ಆಚೆ ತಳ್ತು ಅಂತಾಳೆ. ಮಣ್ಣಿಗಿಡೋಕೆ ಹೊರಟ್ವಿ ಅಂದ್ರೆ ಮಲಗ್ತಾಳಂತೆ.”

“ಆರಕ್ಕೆ ಬನ್ನಿ. ನಾಲ್ಕೂ ಕೊಡ್ತೀನಿ.”

ಟಿಣ್.

ಹುಹಾನಾ ಗಾಜಿನ ಹತ್ತಿರ ಬಗ್ಗಿದಳು. “ಇದೇನು, ಜೀವ ಇದೆಯಾ?”

“ಇನ್ನೂ ಹೆರಿಗೆ ಮಾಡ್ತಿದೆ.”

“ಮಗು ಹುಟ್ಟಿ ಹದಿನಾಲ್ಕು ಗಂಟೆ ಆಯ್ತು. ಇದಕ್ಕೆ ಯಾರೂ ಹೇಳ್ಲಿಲ್ವಾ?”

ನೈರಿ ನೀರಿನ ಬಿಸಿ ನೋಡಿ ಪುಸ್ತಕದಲ್ಲಿ ಗುರುತು ಹಾಕಿದಳು.

“ನಿನ್ ಮಾಸು ಎಲ್ಲಿಟ್ಟಿದ್ದಾರೆ?” ಎಂದಳು ಹುಹಾನಾ.

“ಅಜ್ಜಿ ಮನೆ ಹಿಂದೆ. ಮರದ ಬುಡದಲ್ಲಿ.”

“ಹಂಗಾದ್ರೆ ನಿಂಗೆ ಗೊತ್ತು. ಮಿಡಿಯೋದನ್ನ ನಾವು ಹೂಳಲ್ಲ.” ಹುಹಾನಾ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. “ಕಾಯ್ತೀನಿ.”

ಅಷ್ಟರಲ್ಲಿ ಅವಳ ಫೋನು ಗುರುಗುಟ್ಟಿತು. “ಹೊರಟ್ರಾ ದೊಡ್ಡಮ್ಮ?” ಬಾಣಂತಿಯ ಅತ್ತು ಸೋತ ದನಿ. ಹುಹಾನಾ ಉತ್ತರ ಹುಡುಕುತ್ತ ಗಾಜನ್ನೇ ನೋಡಿದಳು.

ನೈರಿಯ ಕೈ ಔಷಧಿಯ ಸೀಸೆಗೆ ಹೋಯಿತು. ನಾಲ್ಕನೆಯ ನಳಿಕೆಗೆ ಎರಡು ಹನಿ.

ಮೂರು ನಿಮಿಷ ಕಳೆಯಿತು. ಟಿಣ್, ಆದರೆ ಮೆಲ್ಲಗೆ. ಮತ್ತೆ ಮೂರು ನಿಮಿಷ. ನಾಲ್ಕು. ಐದು.

“ಹೊರಟ್ವಿ ಮಗಳೇ,” ಎಂದಳು ಹುಹಾನಾ ಫೋನಿಗೆ. “ಮಲ್ಕೋ.”

ನಾಲ್ಕೂ ಎಳೆಗಳು ಗಡಿಗೆ ಸೇರಿ, ಅವಳ ಕಾರಿನ ಸದ್ದು ದೂರವಾದ ಮೇಲೆ ನೈರಿ ಪುಸ್ತಕ ತೆರೆದು, ಆ ರಾತ್ರಿಯ ಪುಟದ ಮೇಲೆ ಅಡ್ಡಗೆರೆ ಎಳೆದು, ‘ಪ್ರಯೋಗ ಕೆಟ್ಟಿತು’ ಎಂದು ಬರೆದಳು. ಯಾಕೆ ಎಂದು ಬೆಳಗ್ಗೆ ಎಲ್ಲರೂ ಕೇಳುತ್ತಾರೆ. ಕೇಳಲಿ. ಮಗು ಹುಟ್ಟಿತೆಂದು ಹೇಳಬೇಕಾದ ಎಳೆಗೆ ಹೇಳಿಯಾಗಿತ್ತು, ಇನ್ನು ಯಾರಿಗೂ ಹೇಳುವುದಿಲ್ಲ.