ಹನ್ನೊಂದನೇ ಪ್ರಶ್ನೆ

ಪ್ರಾಣಿಗಳ ಮಾತು ತಿಳಿಯತೊಡಗಿದ ಮೇಲೆ, ಅಣೆಕಟ್ಟು ಕಟ್ಟುವ ಮೊದಲು ಜನರ ಜೊತೆಗೆ ಅವುಗಳ ಅಹವಾಲನ್ನೂ ಬರೆದುಕೊಳ್ಳಬೇಕಿತ್ತು. ಸಮೀಕ್ಷೆಯ ನೀಲಗಂಗಾ ಈ ಕೆಲಸಕ್ಕಾಗಿ ತುಂಗಭದ್ರೆಯ ದಂಡೆಗೆ ಬರುತ್ತಿರುವುದು ಇದು ನಾಲ್ಕನೇ ವರ್ಷ. ಬಂಡೆಯ ಮೇಲೆ ಮೈ ಒಣಗಿಸಿಕೊಳ್ಳುತ್ತಿದ್ದ ನೀರುನಾಯಿಯ ಪಕ್ಕ ಕೂತು ಫಾರ್ಮು ಬಿಚ್ಚಿದಳು.

“ಮನ್ಯಾಗ ಎಷ್ಟ ಮಂದಿ ಅದೀರಿ, ಅಕ್ಕಾ?”

“ನಾ ಒಬ್ಬಾಕೀನ. ಹ್ವಾದ ವರ್ಷ ನನ್ನ ತಂಗಿ ಇದ್ಲು. ಮೀನಿನ ಬಲ್ಯಾಗ ಸಿಕ್ಕೊಂಡು ಸತ್ಲು.”

ನೀಲಗಂಗಾ ಬರೆದುಕೊಂಡಳು. ಉಳಿದವು ಹೇಗಿದ್ದರೂ ಹನ್ನೊಂದನೇ ಪ್ರಶ್ನೆಯೇ ಮುಖ್ಯ. ಅದಕ್ಕೆ ಒಂದು ಹೆಸರಾದರೂ ಬಾರದಿದ್ದರೆ ಆ ಜಾಗ ನಿರ್ಜನವೆಂದು ದಾಖಲಾಗುತ್ತದೆ, ಮರುದಿನವೇ ಯಂತ್ರಗಳು ಬರುತ್ತವೆ.

“ಕಷ್ಟ ಬಂದ್ರ ಯಾರ್ನ ಕರೀತೀರಿ?”

ನೀರುನಾಯಿ ಮೈ ಕೊಡವಿ ಅವಳ ಕಡೆ ತಿರುಗಿತು. “ನಿನ್ನ ಹೆಸರ ಬರಕೋ, ಯವ್ವಾ.”

“ಕೇಳಾಕ ಬಂದವರ ಹೆಸರ ನಡ್ಯಾಂಗಿಲ್ರೀ.”

“ಹಂಗೇನು? ನಿಮ್ಮ ಓಣ್ಯಾಗೂ ಇದನ್ನ ಕೇಳಿರಬೇಕಲ್ಲ. ನೀ ಯಾರ ಹೆಸರ ಬರಸಿದಿ?”

ನೀಲಗಂಗಾ ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.

“ಖಾಲಿ ಬಿಟ್ಟೆ.”

“ನನ್ನ ಹೆಸರ ಬರಸಬಾರದಿತ್ತೇನು?” ಎಂದಿತು ನೀರುನಾಯಿ. “ಕರದಿದ್ರ ಬರ್ತಿದ್ದೆ.”