ಮೋರಿ ಕೆಲಸಕ್ಕೆ ನಲವತ್ತು ಹೆಸರು

ಮೂರನೇ ಏಟಿಗೆ ಸೂಪರ್‌ವೈಸರ್ ಸುಧೀಂದ್ರನ ಎರಡು ಹಲ್ಲು ಜಲ್ಲಿಯ ಮೇಲೆ ಬಿದ್ದವು.

“ಬೊಗಳೋ! ನಮ್ಮ ಜನದ ಆಧಾರ್ ನಿಂಗೆ ಕೊಟ್ಟೋನು ಯಾರೋ?” ಬೈರಪ್ಪ ಸಲಿಕೆ ಹಿಡಿದು ಅಬ್ಬರಿಸಿದ.

ಬೀಳಲಿ, ಇನ್ನೂ ನಾಲ್ಕು ಬೀಳಲಿ ಅಂದುಕೊಂಡಳು ನೀಲಗಂಗಮ್ಮ. ಅವಳ ಹೊಟ್ಟೆ ಅಷ್ಟು ಉರಿದಿತ್ತು. ಹೇರೋಹಳ್ಳಿಯ ಮೋರಿ ಕೆಲಸಕ್ಕೆ ಅರ್ಧ ಆಳು ಅದೇ ವಾರ್ಡಿನವರಿರಬೇಕು ಅಂತ ಟೆಂಡರಿನಲ್ಲೇ ಷರತ್ತಿತ್ತು. ಗಾರೆ ಕೆಲಸಕ್ಕೆ ಊರೆಲ್ಲ ಅಲೆಯುವವಳಿಗೆ ಮನೆ ಬಾಗಿಲಲ್ಲೇ ಒಂದು ವರ್ಷದ ಕೂಲಿ! ಬೆಳಿಗ್ಗೆಯೇ ಆಧಾರ್ ಜೆರಾಕ್ಸ್ ಹಿಡಿದು ಓಡಿ ಬಂದಿದ್ದಳು. ಮಗಳು ಅನಘಾ ಕಲಿಸಿದ್ದಂತೆ ಅದರ ಮೇಲೆ ಎರಡು ಅಡ್ಡಗೀಟು ಎಳೆದು, ನಡುವೆ “ಮೋರಿ ಕೆಲಸಕ್ಕೆ ಮಾತ್ರ” ಎಂದು ಬರೆದಿದ್ದಳು. ಯಾತಕ್ಕೆ ಅಂತ ಬರೆಯದೆ ಅವಳು ಯಾರಿಗೂ ಜೆರಾಕ್ಸ್ ಕೊಟ್ಟವಳಲ್ಲ.

“ಲೋಕಲ್ ನಲವತ್ತು ಜನ ಆಗಲೇ ಭರ್ತಿ,” ಎಂದು ಸುಧೀಂದ್ರ ಹಾಜರಿ ಪಟ್ಟಿ ತೋರಿಸಿದ್ದ. ಮೂರನೇ ಹೆಸರು ಅವಳದೇ! ಕೆಳಗೆ ಇಡೀ ಬೀದಿಯ ಹೆಸರುಗಳು. ಗುಂಡಿಯೊಳಗೆ ಅಗೆಯುತ್ತಿದ್ದವರಲ್ಲಿ ಒಬ್ಬರೂ ಹೇರೋಹಳ್ಳಿಯವರಲ್ಲ.

ಬೀದಿಗೆ ಬೀದಿಯೇ ಸೇರಿತು. ಬೈರಪ್ಪನೂ ಓಡಿ ಬಂದ. ಅವನು ಎಲ್ಲರಿಗೂ ಅಣ್ಣ. ನೀರು ನಿಂತರೆ ಟ್ಯಾಂಕರ್ ತರಿಸುವವನು, ಹೋದ ಶ್ರಾವಣದಲ್ಲಿ ಬಸ್ಸು ಮಾಡಿ ಎಲ್ಲರನ್ನೂ ಪುಕ್ಕಟೆ ಮಾದಪ್ಪನ ಬೆಟ್ಟಕ್ಕೆ ಕರೆದೊಯ್ದವನು. ಬಂದವನೇ ಸಲಿಕೆ ಎತ್ತಿಕೊಂಡ.

“ಹೇಳ್ತೀನಿ, ಹೇಳ್ತೀನಿ ಅಣ್ಣ—”

ಸಲಿಕೆಯ ಕಾವು ಬಾಯಿಗೇ ಅಪ್ಪಳಿಸಿತು. ದವಡೆ ಸೊಟ್ಟಗಾಯಿತು.

“ಅಯ್ಯೋ, ಹೇಳೋಕಾದ್ರೂ ಬಿಡಣ್ಣ!” ಪಕ್ಕದ ಮನೆಯ ಧನ್ಯಶ್ರೀ ಕೂಗಿದಳು.

“ಈ ಕಳ್ಳನ ಮಾತು ಯಾರಿಗಮ್ಮ ಬೇಕು?”

ಮಾತು ಹೊರಡದೆ ಸುಧೀಂದ್ರ ಬೆರಳೆತ್ತಿದ. ಬೈರಪ್ಪ ಆ ಕೈಯನ್ನೇ ಜಲ್ಲಿಗೆ ಒತ್ತಿ ತುಳಿದ. ಮೂಳೆ ಲಟಕ್ಕೆಂದಿತು.

ನೀಲಗಂಗಮ್ಮ ಜನರನ್ನು ಸರಿಸಿ ಮುಂದೆ ಬಂದಳು. ಇವನು ಸತ್ತರೆ ತನ್ನ ಕೆಲಸ ತಿಂದವನ ಹೆಸರು ಹೇಳುವವರು ಯಾರು? ಸುಧೀಂದ್ರನ ಫೈಲು ನೆಲಕ್ಕೆ ಬಿದ್ದು ಕಾಗದಗಳೆಲ್ಲ ಚೆಲ್ಲಿದ್ದವು. ಬಗ್ಗಿ ಹುಡುಕಿದಳು. ಸಿಕ್ಕಿತು, ಅವಳದೇ ಆಧಾರ್ ಜೆರಾಕ್ಸ್. ಸೆರಗಿನಿಂದ ರಕ್ತ ಒರೆಸಿದಳು.

ಎರಡು ಅಡ್ಡಗೀಟು, ನಡುವೆ ಅವಳದೇ ಗುಂಡಕ್ಷರ: “ಮಾದಪ್ಪನ ಬೆಟ್ಟದ ಬಸ್ಸಿಗೆ ಮಾತ್ರ.”