ಬಿಗಿದ ಮುಷ್ಟಿ

"ಈಗ ಬಲಗೈ ಮುಷ್ಟಿ ಬಿಚ್ಚಿ," ಎಂದರು ಡಾಕ್ಟರಮ್ಮ.

ಭಾವನಿಗೆ ಬಲಗೈಯೇ ಇರಲಿಲ್ಲ. ಮಣಿಕಟ್ಟಿನಿಂದಾಚೆಯದನ್ನು ಪ್ರೆಸ್ಸಿನ ಕಾಗದ ಕತ್ತರಿಸುವ ಯಂತ್ರ ಎರಡು ವರ್ಷದ ಹಿಂದೆಯೇ ನುಂಗಿತ್ತು. ಕೈ ಹೋದರೂ ನೋವು ಹೋಗಿರಲಿಲ್ಲ. ಇಲ್ಲದ ಮುಷ್ಟಿ ಬಿಗಿದುಕೊಂಡೇ ಇತ್ತು, ಇಲ್ಲದ ಉಗುರುಗಳು ಇಲ್ಲದ ಅಂಗೈಯನ್ನು ಚುಚ್ಚುತ್ತಲೇ ಇದ್ದವು. ಅದಕ್ಕೇ ಈ ವಿಆರ್ ಕನ್ನಡಕ. ಹಾಕಿಕೊಂಡರೆ ಒಂದು ಬಿಳಿ ಕೋಣೆ, ಒಂದು ಮೇಜು, ಅದರ ಮೇಲೆ ತನ್ನವೇ ಎರಡು ಕೈ. ಕಣ್ಣು ನಂಬಿದರೆ ನರವೂ ನಂಬೀತು ಎನ್ನುವುದು ಚಿಕಿತ್ಸೆಯ ಆಸೆ.

"ಈಗ ಬಲಗೈ ಮುಷ್ಟಿ ಬಿಚ್ಚೀ..." ಪಕ್ಕದಲ್ಲಿದ್ದ ಮೈದುನ, ಅಂದರೆ ಹೆಂಡತಿಯ ತಮ್ಮ, ಡಾಕ್ಟರಮ್ಮನ ದನಿಯನ್ನೇ ಎಂದಿನಂತೆ ಎಳೆದು ಅಣಕಿಸಿದ. "ನಮ್ಮ ಭಾವಂದು ಮೊದಲಿಂದ್ಲೂ ಕೈ ಬಿಗಿ ಮೇಡಂ. ಅಕ್ಕನ ಮದುವೇಲೂ ಬಿಚ್ಲಿಲ್ಲ."

"ನಿಮ್ಮನ್ನ ಹೊರಗೆ ಹಾಕ್ಬೇಕು ನೋಡಿ," ಡಾಕ್ಟರಮ್ಮ ನಕ್ಕರು.

"ಬೇಡ ಮೇಡಂ, ಒಂದ್ಸಲ ಹಾಕಿಸ್ಕೊಂಡಿದ್ದೇ ಸಾಕು."

ಭಾವ ನಗಲಿಲ್ಲ. ಅಲಗಿನ ಮುಂದಿನ ಜಾಲರಿ ತೆಗೆದಿದ್ದರೂ ಯಂತ್ರ ಓಡುವಂತೆ ಮಾಡುವ ಕೆಂಪು ದಾರದ ಕೀಲಿಯೊಂದು ಪ್ರೆಸ್ಸಿನಲ್ಲಿತ್ತು. ಅವತ್ತು ಅವಸರಕ್ಕೆ ಅದನ್ನು ಹಾಕಿ ತಿರುಗಿಸಿದ್ದು ಭಾವನೇ. ವಿಚಾರಣೆಯಲ್ಲಿ "ಕೀಲಿ ಹಾಕಿದ್ದು ಯಾರು?" ಎಂದಾಗ, ಪರಿಹಾರ ಕೈತಪ್ಪೀತೆಂದು ಮೈದುನನ ಹೆಸರು ಹೇಳಿದ್ದ. ಕೀಲಿ ಎಲ್ಲೂ ಸಿಗಲಿಲ್ಲ. ಅದೇ ಪ್ರೆಸ್ಸಿನಲ್ಲಿದ್ದ ಕೆಲಸ ಕಳೆದುಕೊಂಡ ಮೈದುನ ಒಂದು ಮಾತೂ ಎತ್ತದೆ ವಾರ ವಾರ ತನ್ನ ಸ್ಕೂಟರಿನಲ್ಲೇ ಇಲ್ಲಿಗೆ ಕರೆತರುತ್ತಿದ್ದ.

ಬಿಳಿ ಕೋಣೆಯಲ್ಲಿ ಕಿರುಬೆರಳು ಅಲುಗಿತು. ಆಮೇಲೆ ಒಂದೊಂದೇ ಬಿಚ್ಚಿಕೊಂಡವು. ಎರಡು ವರ್ಷದ ಬಿಗಿತ ಸಡಿಲಿ ಭಾವನಿಗೆ ಅಳು ಬರುವಷ್ಟರಲ್ಲಿ, ಅಂಗೈ ಮೇಲೆ ಅದು ಕಂಡಿತು. ಹಿತ್ತಾಳೆಯ ಕೀಲಿ. ಅದರ ತೂತಿಗೆ ಕಟ್ಟಿದ ಅದೇ ಕೆಂಪು ದಾರ.

"ಇದೇನಿದು?" ಡಾಕ್ಟರಮ್ಮ, ಭಾವನಿಗೆ ಕಾಣುವುದನ್ನೇ ತೋರಿಸುವ ಗೋಡೆಯ ಪರದೆಯತ್ತ ಬಾಗಿದರು. "ಇದರಲ್ಲಿ ಕೈ ಬಿಟ್ಟು ಬೇರೇನೂ ಇಲ್ವಲ್ಲ. ಕೀಲಿ ಹಾಕಿದ್ದು ಯಾರು?"

ಭಾವ ಗಬಕ್ಕನೆ ಮುಷ್ಟಿ ಮುಚ್ಚಿದ. ನೋವು ಮೊಳಕೈವರೆಗೆ ಸಿಡಿಯಿತು.

ಆಮೇಲೆ ಕಿವಿಯ ಬಳಿಯೇ ಒಂದು ದನಿ ಕೇಳಿತು. ಅದು ಯಾರ ಅಣಕವೂ ಅಲ್ಲ, ಮೈದುನನದೇ ದನಿ. ಅದು ಹೇಗಿತ್ತೆಂಬುದೇ ಭಾವನಿಗೆ ಮರೆತುಹೋಗಿತ್ತು.

"ಕೊಡಿ ಭಾವ. ಹೇಗೂ ಅದು ನನ್ನ ಹೆಸರಲ್ಲೇ ಇದೆಯಲ್ಲ."

ಬಿಳಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಇಲ್ಲದ ಬೆರಳುಗಳನ್ನು ಯಾರೋ ಮೆಲ್ಲಗೆ ಬಿಡಿಸಿದ ಹಾಗಾಯಿತು. ಭಾವ ತಡೆಯಲಿಲ್ಲ. ಅಂಗೈ ಬರಿದಾಯಿತು. ಅದರ ಹಿಂದೆಯೇ ನೋವೂ ಹೋಯಿತು.

"ಹೋಯ್ತು ಮೇಡಂ! ಪೂರ್ತಿ ಹೋಯ್ತು!" ಭಾವ ಕನ್ನಡಕ ಕಿತ್ತು ತೆಗೆದ.

ಡಾಕ್ಟರಮ್ಮ ಅವನತ್ತ ನೋಡುತ್ತಲೇ ಇರಲಿಲ್ಲ. ಗೋಡೆಗೊರಗಿದ ಮೈದುನ ತನ್ನ ಬಲಮುಷ್ಟಿಯನ್ನು ಎಡಗೈಯಿಂದ ಬಿಡಿಸಲು ಹೆಣಗಾಡುತ್ತಿದ್ದ. ಬಿಗಿದ ಬೆರಳುಗಳ ಸಂದಿಯಿಂದ ಕೆಂಪು ದಾರದ ತುದಿ ಇಣುಕುತ್ತಿತ್ತು.